ಸಾಕ್ಷಿಯೂ ಮಂತ್ರಿಯೂ

ಮೊದಲನೆಯ ಮಹಾಯುದ್ಧವು ಮುಗಿದು, ಗೆದ್ದ ರಾಷ್ಟ್ರಗಳ ಪ್ರತಿನಿಧಿಗಳು ಪ್ಯಾರಿಸ್ ನಗರದಲ್ಲಿ ನೆರೆದು ಭೂಪಟದ ಮೇಲೆ ಹೊಸ ಗೆರೆಗಳನ್ನು ಎಳೆಯುತ್ತಿದ್ದ ಕಾಲದಲ್ಲಿ, 1919ರ ಮೇ 30ರಂದು, ಆ ಪ್ರತಿನಿಧಿಗಳೊಡನೆ ಸಲಹೆಗಾರರಾಗಿ ಬಂದಿದ್ದ ಕೆಲವು ಮಂದಿ ಇಂಗ್ಲಿಷರೂ ಅಮೆರಿಕನರೂ ಅಲ್ಲಿಯ ಮೆಜೆಸ್ಟಿಕ್ ಹೋಟೆಲಿನಲ್ಲಿ ಸಭೆಸೇರಿ, ಅಂತಾರಾಷ್ಟ್ರೀಯ ವ್ಯವಹಾರಗಳನ್ನು ಶಾಸ್ತ್ರೀಯವಾಗಿ ವ್ಯಾಸಂಗಮಾಡತಕ್ಕ ಒಂದು ಸಂಸ್ಥೆಯನ್ನು ಕಟ್ಟಬೇಕೆಂದು ನಿಶ್ಚಯಿಸಿದರು. ಲಯನೆಲ್ ಕರ್ಟಿಸ್ ಎಂಬಾತನು ಆ ಸಭೆಯ ಮುಖ್ಯ ಪ್ರೇರಕ. ಅದರ ಫಲವಾಗಿ 1920ರಲ್ಲಿ ಲಂಡನ್ನಿನಲ್ಲಿಯೂ 1921ರಲ್ಲಿ ನ್ಯೂಯಾರ್ಕಿನಲ್ಲಿಯೂ ಎರಡು ಪ್ರತ್ಯೇಕ ಸಂಸ್ಥೆಗಳು ಹುಟ್ಟಿದುವು. ಲಂಡನ್ನಿನ ಸಂಸ್ಥೆಗೆ ಕೆನಡಾ ದೇಶದ ದಾನಿಯೊಬ್ಬರು 1923ರಲ್ಲಿ ಸೇಂಟ್ ಜೇಮ್ಸ್ ಚೌಕದ ಹತ್ತನೆಯ ನಂಬರಿನ ಮನೆಯನ್ನು ದೊರಕಿಸಿಕೊಟ್ಟರು. ಹಿರಿಯ ಪಿಟ್, ಡರ್ಬಿ, ಗ್ಲ್ಯಾಡ್‌ಸ್ಟನ್ ಎಂಬ ಮೂವರು ಪ್ರಧಾನಮಂತ್ರಿಗಳು ಬೇರೆ ಬೇರೆ ಕಾಲಗಳಲ್ಲಿ ವಾಸವಾಗಿದ್ದ ಆ ಮನೆಯ ಹೆಸರಾದ ಚ್ಯಾಥಮ್ ಹೌಸ್ ಎಂಬುದೇ ಸಂಸ್ಥೆಗೂ ರೂಢಿಯಾಯಿತು. ಅಧಿಕಾರವು ಬಿಟ್ಟುಹೋದ ಮನೆಯಲ್ಲಿ ವಿದ್ಯೆಯು ಬಿಡಾರ ಹೂಡಿತು. ಅಧಿಕಾರವಾದರೋ ಅಲ್ಲಿಂದ ಕಾಲ್ನಡಿಗೆಯಷ್ಟೇ ದೂರದ ಡೌನಿಂಗ್ ಬೀದಿಯಲ್ಲಿ ಎಂದಿನಂತೆ ಇದ್ದಿತು.

ಆ ಸಂಸ್ಥಾಪಕರ ನಂಬಿಕೆಯು ಸರಳವಾದುದು. ಒಂದು ಜನಾಂಗವು ಇನ್ನೊಂದರ ಭಯಗಳನ್ನೂ ಆಸೆಗಳನ್ನೂ ಅರಿಯದುದರಿಂದಲೂ, ಮಂತ್ರಿಗಳು ತಾವು ಗುಟ್ಟಾಗಿ ಮಾಡಿಕೊಂಡ ಕೌಲುಗಳ ಪರಿಣಾಮವನ್ನು ಎಣಿಸದುದರಿಂದಲೂ, ಪ್ರಜೆಗಳಿಗೆ ಪರದೇಶದ ವಿಷಯದಲ್ಲಿ ಉದ್ವೇಗವಲ್ಲದೆ ತಿಳಿವಳಿಕೆ ಇಲ್ಲದುದರಿಂದಲೂ 1914ರ ಅನರ್ಥವು ಸಂಭವಿಸಿತು. ಆದಕಾರಣ ನಿಷ್ಪಕ್ಷಪಾತವಾದ ಜ್ಞಾನವನ್ನು ಸಂಗ್ರಹಿಸಿ ಹರಡಿದರೆ ಮುಂದಣ ಅನರ್ಥವು ತಪ್ಪೀತು ಎಂಬುದು ಅವರ ತರ್ಕ. ದುಃಖಕ್ಕೆ ಮೂಲವು ಅವಿದ್ಯೆ, ವಿದ್ಯೆಯೇ ಅದಕ್ಕೆ ಮದ್ದು ಎಂಬ ಈ ಸಿದ್ಧಾಂತವು ನಮ್ಮ ದರ್ಶನಗಳನ್ನು ಬಲ್ಲವರಿಗೆ ಹೊಸದಲ್ಲ. ಆದರೆ ನಮ್ಮ ದರ್ಶನಕಾರರು ಅವಿದ್ಯೆಯೆಂದು ಕರೆದುದು ವಾರ್ತೆಯ ಅಭಾವವನ್ನಲ್ಲ. ನಾನು ನನ್ನದು ಎಂಬ ಅಭಿಮಾನವು ಬುದ್ಧಿಗೆ ಮುಸುಕು ಹಾಕಿ, ಕಣ್ಣೆದುರಿಗೆ ಇರುವುದನ್ನೇ ಬೇರೊಂದಾಗಿ ತೋರಿಸುವ ದೋಷವನ್ನು ಅವರು ಆ ಹೆಸರಿನಿಂದ ಗುರುತಿಸಿದರು. ಗ್ರಂಥಭಂಡಾರವನ್ನು ಹೆಚ್ಚಿಸಿದ ಮಾತ್ರಕ್ಕೆ ಇಂಥ ಅವಿದ್ಯೆಯು ತೊಲಗುವುದಿಲ್ಲ. ರಾಷ್ಟ್ರವೆಂಬುದು 'ನನ್ನದು' ಎಂಬ ಅಭಿಮಾನದ ಅತಿದೊಡ್ಡ ರೂಪಗಳಲ್ಲೊಂದಾದುದರಿಂದ, ರಾಷ್ಟ್ರಗಳ ನಡತೆಯನ್ನು ಅಭ್ಯಸಿಸುವವನಿಗೆ ಈ ಭೇದವು ಬೇರೆಲ್ಲರಿಗಿಂತ ಹೆಚ್ಚಾಗಿ ಗಣನೀಯವಾಗಿದೆ.

ಈಗ ಇಂತಹ ಸಂಸ್ಥೆಗಳಿಲ್ಲದ ರಾಜಧಾನಿಗಳು ವಿರಳ. ಅವುಗಳಲ್ಲಿ ಕೆಲಸಮಾಡುವ ವಿದ್ವಾಂಸರು ಗಡಿವಿವಾದ, ಆಯುಧಸಂಗ್ರಹ, ಸಾಗರಮಾರ್ಗ, ಎಣ್ಣೆಯ ಬೆಲೆ ಮುಂತಾದ ವಿಷಯಗಳ ಮೇಲೆ ವರದಿಗಳನ್ನು ಬರೆಯುತ್ತಾರೆ. ಆ ವರದಿಗಳನ್ನು ಮಂತ್ರಿಗಳೂ ಸೇನಾಧಿಪತಿಗಳೂ ಓದುತ್ತಾರೆ, ಅಥವಾ ಓದಿದವರಿಂದ ಕೇಳುತ್ತಾರೆ. ಅನಂತರ ದೂರದ ಯಾವುದೋ ಊರಿನಲ್ಲಿ, ಆ ವರದಿಯ ಹೆಸರನ್ನೇ ಕೇಳದ ಜನರ ಬಾಳಿನಲ್ಲಿ ಏನೋ ಒಂದು ಬದಲಾವಣೆಯಾಗುತ್ತದೆ. ಹೀಗಿರುವಲ್ಲಿ ಆ ವಿದ್ವಾಂಸನು ಕೇವಲ ನೋಡುವವನೋ, ಮಾಡುವವನೂ ಹೌದೋ? ಅವನು ಕೊಟ್ಟ ಜ್ಞಾನದಿಂದ ಆದ ಕರ್ಮದಲ್ಲಿ ಅವನಿಗೆ ಭಾಗವುಂಟೋ ಇಲ್ಲವೋ? ಪ್ರಶ್ನೆಯು ರಾಜನೀತಿಯದೆಂದು ತೋರಿದರೂ ನಿಜದಲ್ಲಿ ಧರ್ಮಮೀಮಾಂಸೆಯದು.

ಚ್ಯಾಥಮ್ ಹೌಸಿನವರು ಈ ಪ್ರಶ್ನೆಗೆ ಎರಡು ನಿಯಮಗಳ ಮೂಲಕ ಉತ್ತರವನ್ನು ಸೂಚಿಸಿದರೆನ್ನಬಹುದು. 1926ರಲ್ಲಿ ದೊರೆತ ರಾಜಶಾಸನದ ಪ್ರಕಾರ ಅಂತಾರಾಷ್ಟ್ರೀಯ ವಿಷಯಗಳಲ್ಲಿ ಸಂಸ್ಥೆಯು ಸಂಸ್ಥೆಯಾಗಿ ಯಾವ ಅಭಿಪ್ರಾಯವನ್ನೂ ಪ್ರಕಟಿಸಕೂಡದು. ಸದಸ್ಯರು ಏನಾದರೂ ಹೇಳಲಿ, ಮನೆಯು ಮೌನಿ. 1927ರ ಇನ್ನೊಂದು ನಿಯಮವು ಇಂದು ಜಗತ್ಪ್ರಸಿದ್ಧವಾಗಿದೆ: ಸಭೆಯಲ್ಲಿ ಕೇಳಿದ ವಿಷಯವನ್ನು ಹೊರಗೆ ಬಳಸಿಕೊಳ್ಳಬಹುದು, ಹೇಳಿದವರು ಯಾರೆಂಬುದನ್ನು ಮಾತ್ರ ಹೊರಗೆಡಹಕೂಡದು. ಮೊದಲನೆಯದು ಸಂಸ್ಥೆಯನ್ನು ಪಕ್ಷಾತೀತವಾಗಿ ಇರಿಸುವುದಕ್ಕೆ. ಎರಡನೆಯದು ಪದವಿಯಲ್ಲಿರುವವರು ಪದವಿಯ ಭಯವಿಲ್ಲದೆ ನಿಜವನ್ನು ನುಡಿಯುವುದಕ್ಕೆ. ಎರಡೂ ಸದುದ್ದೇಶದಿಂದ ಹುಟ್ಟಿದ ನಿಯಮಗಳೇ ಸರಿ. ಆದರೂ ಅವುಗಳ ಹಿಂದೆ ಇರುವ ಆದರ್ಶವನ್ನು ಪರೀಕ್ಷಿಸದೆ ಒಪ್ಪಲಾಗದು. ಏಕೆಂದರೆ ಅದು ಸಾಕ್ಷಿಯ ಆದರ್ಶ. ಹೆಸರಿಲ್ಲದೆ, ಪಕ್ಷವಿಲ್ಲದೆ, ತಾನು ಬೆಳಗುವ ವಸ್ತುವಿನೊಡನೆ ಅಂಟಿಲ್ಲದೆ ಇರುವ ಅರಿವಿಗೆ ವೇದಾಂತಿಗಳು ಸಾಕ್ಷಿಯೆಂದು ಹೆಸರಿಟ್ಟರು.

ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಕುಳಿತ ಎರಡು ಹಕ್ಕಿಗಳ ಪ್ರಸಂಗವಿದೆಯಷ್ಟೆ. ಅವುಗಳಲ್ಲೊಂದು ಹಣ್ಣನ್ನು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ಸಂಶೋಧಕನು ತನ್ನನ್ನು ಎರಡನೆಯ ಹಕ್ಕಿಯೆಂದು ಭಾವಿಸಿಕೊಳ್ಳುವುದು ಸಹಜ. ಆದರೆ ಅವನಿಗೆ ಸಂಬಳ ಉಂಟು, ಅವನ ಸಂಸ್ಥೆಗೆ ದಾನಿಗಳುಂಟು, ಅವನು ನಾಳೆ ಏರಬಹುದಾದ ಪೀಠವುಂಟು, ಮಂತ್ರಿಯ ಕೊಠಡಿಯ ಬಾಗಿಲು ತನಗಾಗಿ ತೆರೆಯಿತೆಂಬ ಸಂತೋಷವುಂಟು, ಇವೆಲ್ಲವೂ ಹಣ್ಣುಗಳೇ. ತಿನ್ನುವ ಹಕ್ಕಿಯೇ ತನ್ನನ್ನು ನೋಡುವ ಹಕ್ಕಿಯೆಂದು ಬಗೆದರೆ ಆಗುವ ಭ್ರಾಂತಿಯು, ತಿನ್ನುತ್ತೇನೆಂದು ತಿಳಿದೇ ತಿನ್ನುವ ಹಕ್ಕಿಯ ಲೋಭಕ್ಕಿಂತ ಅಪಾಯಕರವಾದುದು. ಲೋಭಕ್ಕೆ ನಾಚಿಕೆಯೆಂಬ ತಡೆಯಾದರೂ ಉಂಟು, ಈ ಭ್ರಾಂತಿಗೆ ಅದೂ ಇಲ್ಲ.

ಇಂಗ್ಲಿಷ್ ಇತಿಹಾಸಕಾರನಾದ ಆರ್ನಲ್ಡ್ ಟಾಯ್ನ್‌ಬಿಯ ಜೀವನವು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆತನು ಬ್ರಿಟಿಷ್ ಸರ್ಕಾರದ ಪ್ರಚಾರಕಾರ್ಯದಲ್ಲಿ ದುಡಿದು, ತುರ್ಕಿಯ ಆಳ್ವಿಕೆಯಲ್ಲಿ ಆರ್ಮೇನಿಯನರಿಗೆ ಒದಗಿದ ಘೋರವಾದ ವಿಪತ್ತನ್ನು ಕುರಿತ ದಾಖಲೆಗಳನ್ನು ಸಂಪಾದಿಸಿದನು. ಯುದ್ಧವು ಮುಗಿದಮೇಲೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, ಗ್ರೀಕ್ ದಾನಿಗಳ ಹಣದಿಂದ ಸ್ಥಾಪಿತವಾದ ಪೀಠಕ್ಕೆ ಆತನೇ ಪ್ರಾಧ್ಯಾಪಕನಾದನು. 1921ರಲ್ಲಿ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಪರವಾಗಿ ಅನಟೋಲಿಯಕ್ಕೆ ಹೋದಾಗ, ಈ ಸಲ ಗ್ರೀಕರ ಸೈನ್ಯವೇ ತುರ್ಕಿಯ ಹಳ್ಳಿಗರ ಮೇಲೆ ಎಸಗುತ್ತಿದ್ದ ಕ್ರೌರ್ಯವನ್ನು ಕಂಡು, ಕಂಡುದನ್ನು ಕಂಡಂತೆ ಬರೆದನು. ದಾನಿಗಳು ಮುನಿದರು, 1924ರಲ್ಲಿ ಆತನು ಪೀಠವನ್ನು ಬಿಡಬೇಕಾಯಿತು. ಅನಂತರ ಚ್ಯಾಥಮ್ ಹೌಸನ್ನು ಸೇರಿ, ವರ್ಷವರ್ಷದ ಲೋಕವ್ಯವಹಾರವನ್ನು ಸಮೀಕ್ಷಿಸುವ ದೊಡ್ಡ ಗ್ರಂಥಮಾಲೆಯನ್ನು ವೆರೋನಿಕಾ ಬೌಲ್ಟರಳ ನೆರವಿನಿಂದ ಬಹುಕಾಲ ನಡೆಸಿದನು. ನಾಗರಿಕತೆಗಳ ಉದಯಾಸ್ತಗಳನ್ನು ಕುರಿತ ತನ್ನ ಹನ್ನೆರಡು ಸಂಪುಟಗಳಲ್ಲಿ ಹೆಚ್ಚಿನವನ್ನು ಬರೆದುದೂ ಈ ಕೆಲಸದ ಜೊತೆಜೊತೆಯಲ್ಲೇ. ಇಷ್ಟು ಧೀರವಾದ ಸತ್ಯನಿಷ್ಠೆಯುಳ್ಳ, ಇಷ್ಟು ವಿಶಾಲವಾದ ದೃಷ್ಟಿಯುಳ್ಳ ಆ ವಿದ್ವಾಂಸನು 1936ರ ಫೆಬ್ರವರಿಯಲ್ಲಿ ಬರ್ಲಿನ್ನಿಗೆ ಹೋಗಿ, ಹಿಟ್ಲರನನ್ನು ಕಂಡು, ಅವನ ಶಾಂತಿಯ ಮಾತುಗಳು ನಿಜವೆಂದು ನಂಬಿ, ತನ್ನ ಆ ಅಭಿಪ್ರಾಯವನ್ನು ಸ್ವದೇಶದ ಅಧಿಕಾರಿಗಳಿಗೆ ಬರೆದು ತಿಳಿಸಿದನು. ಮಾರ್ಚ್ ತಿಂಗಳು ಮೊದಲಾದೊಡನೆ ಹಿಟ್ಲರನ ಸೈನ್ಯವು ರೈನ್‌ಲ್ಯಾಂಡನ್ನು ಹೊಕ್ಕಿತು.

ಹದಿನೈದು ವರ್ಷಗಳ ಅಂತರದಲ್ಲಿ ನಡೆದ ಈ ಎರಡು ಪ್ರಸಂಗಗಳಲ್ಲಿ ಮನುಷ್ಯನು ಒಬ್ಬನೇ, ಪಾಂಡಿತ್ಯವು ಮೊದಲಿಗಿಂತ ಎರಡನೆಯದರಲ್ಲಿ ಹೆಚ್ಚು. ಆದರೂ ಮೊದಲನೆಯದರಲ್ಲಿ ಕಣ್ಣು ಕಂಡಿತು, ಎರಡನೆಯದರಲ್ಲಿ ಕಾಣಲಿಲ್ಲ. ಕಾರಣವೇನು? ಅನಟೋಲಿಯದಲ್ಲಿ ಆತನು ನಿಂತದ್ದು ಸುಟ್ಟ ಹಳ್ಳಿಗಳ ನಡುವೆ, ಅಧಿಕಾರವು ಯಾರ ಮೇಲೆ ಬಿದ್ದಿತೋ ಅವರ ಮಗ್ಗುಲಲ್ಲಿ. ಬರ್ಲಿನ್ನಿನಲ್ಲಿ ಕುಳಿತದ್ದು ಅಧಿಕಾರದ ಸಮ್ಮುಖದಲ್ಲಿ, ಅದು ತನ್ನನ್ನು ಕುರಿತು ತಾನೇ ಹೇಳಿಕೊಂಡ ಮಾತುಗಳನ್ನು ಕೇಳುತ್ತ. ನಿಷ್ಪಕ್ಷಪಾತವೆಂಬುದು ಎಲ್ಲಿ ನಿಂತರೂ ಒಂದೇ ಪ್ರಮಾಣದಲ್ಲಿ ಇರುವ ಗುಣವೆಂದು ನಾವು ತಿಳಿದಿದ್ದೇವೆ, ಹಾಗಲ್ಲ. ಯಾರ ಮಗ್ಗುಲಲ್ಲಿ ನಿಂತು ನೋಡುತ್ತೇವೆಂಬುದೂ ನೋಟದ ಒಂದು ಅಂಗವೇ ಆಗಿದೆ.

ಇನ್ನು, ಜ್ಞಾನವು ಹೆಚ್ಚಿದರೆ ಯುದ್ಧವು ತಪ್ಪುವುದೆಂಬ ಮೂಲನಂಬಿಕೆಯನ್ನು ನೋಡೋಣ. ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಮೆಕ್‌ನಮಾರನು 1967ರಲ್ಲಿ ವಿಯೆಟ್ನಾಮ್ ಯುದ್ಧದ ಮೂಲವನ್ನು ಕುರಿತು ಒಂದು ರಹಸ್ಯ ಇತಿಹಾಸವನ್ನು ಬರೆಯಿಸಿದನು. ಅದು 47 ಸಂಪುಟಗಳಾಗಿ ಸುಮಾರು 7000 ಪುಟಗಳಿಗೆ ಬೆಳೆಯಿತು. ಕ್ಯಾಲಿಫೋರ್ನಿಯದ ರ‍್ಯಾಂಡ್ ಸಂಸ್ಥೆಯ ಸಂಶೋಧಕನಾಗಿ ಆ ಕೆಲಸದಲ್ಲಿ ಭಾಗಿಯಾಗಿದ್ದ ಡೇನಿಯಲ್ ಎಲ್ಸ್‌ಬರ್ಗನು ಅದನ್ನು ಓದುತ್ತ ಓದುತ್ತ ಒಂದು ವಿಷಯವನ್ನು ಮನಗಂಡನು: ಅಧ್ಯಕ್ಷರಿಗೆ ಅರಿವಿನ ಅಭಾವವಿರಲಿಲ್ಲ. ಗೆಲುವು ದುರ್ಲಭವೆಂಬ ಎಚ್ಚರಿಕೆಯು ಒಬ್ಬರಾದ ಮೇಲೊಬ್ಬರಿಗೆ ತಲುಪಿದ್ದರೂ ಅವರು ಯುದ್ಧವನ್ನು ಮುಂದುವರಿಸಿ, ಪ್ರಜೆಗಳಿಗೆ ಬೇರೆಯದನ್ನು ಹೇಳಿದ್ದರು. ಧರ್ಮವು ಏನೆಂಬುದನ್ನು ತಾನು ಬಲ್ಲೆನಾದರೂ ಅದರಲ್ಲಿ ತನಗೆ ಪ್ರವೃತ್ತಿಯಿಲ್ಲವೆಂದು ದುರ್ಯೋಧನನು ಹೇಳಿದನೆಂದು ನಮ್ಮಲ್ಲಿ ಪ್ರತೀತಿಯಿದೆ. ಧೃತರಾಷ್ಟ್ರನಿಗಾದರೂ ಏನು ಕಡಮೆಯಾಗಿತ್ತು? ನೀತಿಯನ್ನು ಹೇಳಲು ವಿದುರನಿದ್ದನು. ರಣರಂಗವನ್ನು ಕಂಡು ಹೇಳಲು, ವ್ಯಾಸರಿಂದ ದಿವ್ಯದೃಷ್ಟಿಯನ್ನು ಪಡೆದ ಸಂಜಯನಿದ್ದನು. ಲೋಕದಲ್ಲಿ ಯಾವ ಸಂಸ್ಥೆಯೂ ಯಾವ ಅರಸನಿಗೂ ಅಷ್ಟು ನಿರ್ದುಷ್ಟವಾದ ವರದಿಯನ್ನು ಒಪ್ಪಿಸಿರಲಾರದು. ಆದರೂ ಹದಿನೆಂಟು ದಿನಗಳ ಯುದ್ಧವು ಹದಿನೆಂಟು ದಿನವೂ ನಡೆಯಿತು. ಮಮಕಾರರೂಪವಾದ ಅವಿದ್ಯೆಗೆ ವಾರ್ತಾರೂಪವಾದ ವಿದ್ಯೆಯು ಮದ್ದಾಗದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ. ಎಲ್ಸ್‌ಬರ್ಗನು ಆ ಸಂಪುಟಗಳನ್ನು ಗುಟ್ಟಾಗಿ ನಕಲುಮಾಡಿದನು. 1971ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅವುಗಳನ್ನು ಪ್ರಕಟಿಸಲಾರಂಭಿಸಿತು. ಆ ದಿನದಿಂದ ಆತನು ಸಾಕ್ಷಿಯಾಗಿ ಉಳಿಯಲಿಲ್ಲ, ಆಪಾದಿತನಾದನು. 1973ರಲ್ಲಿ ಮೊಕದ್ದಮೆಯು ವಜಾ ಆಯಿತು.

ಹಾಗಾದರೆ ವಿದ್ವಾಂಸನ ಧರ್ಮವೇನು? ಕೌಟಿಲ್ಯನ ಉತ್ತರವು ನಿಸ್ಸಂದಿಗ್ಧವಾಗಿದೆ: ಅವನು ಮಂತ್ರಿ, ಅವನ ಜ್ಞಾನವು ಒಡೆಯನ ಸ್ವತ್ತು. ಮಂತ್ರಾಲೋಚನೆಯ ಸ್ಥಳಕ್ಕೆ ಹಕ್ಕಿಯೂ ಇಣಿಕಬಾರದು, ಗಿಣಿ ಗೊರವಂಕಗಳಿಂದಲೂ ಮಂತ್ರವು ಬಯಲಾದುದುಂಟು ಎಂದು ಅವನು ಎಚ್ಚರಿಸುತ್ತಾನೆ. ಸಾವಿರ ಮಂದಿ ಋಷಿಗಳ ಮಂತ್ರಿಪರಿಷತ್ತೇ ಇಂದ್ರನ ಕಣ್ಣುಗಳೆಂದೂ, ಎರಡೇ ಕಣ್ಣುಳ್ಳ ಆತನು ಸಹಸ್ರಾಕ್ಷನೆನಿಸಿದ್ದು ಅದರಿಂದಲೇ ಎಂದೂ ಹೇಳುತ್ತಾನೆ. ಕಣ್ಣಿಗೆ ಸ್ವತಂತ್ರವಾದ ಇಚ್ಛೆಯಿಲ್ಲ. ದೇಹವು ತಿರುಗಿದತ್ತ ಅದು ನೋಡಬೇಕು. ಆದರೆ ಈ ಮಾತುಗಳಿರುವ ಅವನ ಅರ್ಥಶಾಸ್ತ್ರದ ಚರಿತ್ರೆಯೇ ಅದರ ಸಿದ್ಧಾಂತಕ್ಕೆ ಒಂದು ಪ್ರತ್ಯುತ್ತರದಂತಿದೆ. ಬಹುಕಾಲ ಕಾಣೆಯಾಗಿದ್ದ ಆ ಗ್ರಂಥದ ಓಲೆಯ ಪ್ರತಿಯೊಂದು ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ಬಂದಿತು, ಅಲ್ಲಿಯ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಅಚ್ಚುಮಾಡಿಸಿದರು. ಸಂಧಿ ವಿಗ್ರಹಾದಿ ಷಾಡ್ಗುಣ್ಯವೂ ಅರಿಮಿತ್ರರ ಮಂಡಲವೂ ಅಂದಿನಿಂದ ರಾಜರ ಗುಟ್ಟಾಗಿ ಉಳಿಯದೆ ಓದುಬಲ್ಲ ಯಾರಿಗಾದರೂ ದೊರೆಯುವ ವಿದ್ಯೆಯಾದುವು. ಮಂತ್ರಿಯು ಮುಚ್ಚಿಟ್ಟುದನ್ನು ಪಂಡಿತನು ತೆರೆದಿಟ್ಟನು.

ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬೌದ್ಧರ ಮಹಾಪರಿನಿಬ್ಬಾಣಸುತ್ತದ ಆರಂಭವನ್ನು ಓದಿದರೆ ಅದರ ಅರ್ಥಗಾಂಭೀರ್ಯವು ವಿಶದವಾಗುತ್ತದೆ. ಮಗಧದ ಅಜಾತಶತ್ರುವು ವಜ್ಜಿಗಣವನ್ನು ನಿರ್ಮೂಲಮಾಡಬೇಕೆಂದು ಬಯಸಿ, ಮೊದಲು ಬುದ್ಧನ ಅಭಿಪ್ರಾಯವನ್ನು ತಿಳಿದುಬರಲು ತನ್ನ ಮಂತ್ರಿಯಾದ ವಸ್ಸಕಾರನನ್ನು ರಾಜಗೃಹದ ಗೃಧ್ರಕೂಟಕ್ಕೆ ಕಳುಹಿಸಿದನು. ನೆರೆರಾಷ್ಟ್ರವನ್ನು ಗೆಲ್ಲಬಹುದೇ ಎಂಬ ಪ್ರಶ್ನೆಯನ್ನು ಹೊತ್ತು ಆಡಳಿತದವರು ಜ್ಞಾನಿಯ ಬಾಗಿಲಿಗೆ ಬಂದ ಅತಿಪ್ರಾಚೀನ ಪ್ರಸಂಗಗಳಲ್ಲಿ ಇದೊಂದು. ಬುದ್ಧನು ಮಂತ್ರಿಗೆ ನೇರವಾಗಿ ಉತ್ತರಕೊಡಲಿಲ್ಲ. ಹಿಂದೆ ನಿಂತು ಬೀಸಣಿಗೆ ಬೀಸುತ್ತಿದ್ದ ಆನಂದನ ಕಡೆಗೆ ತಿರುಗಿ, ವಜ್ಜಿಗಳು ಮೇಲಿಂದ ಮೇಲೆ ಸಭೆ ಸೇರುವರೇ, ಒಮ್ಮತದಿಂದ ಕೂಡಿ ಒಮ್ಮತದಿಂದ ಏಳುವರೇ, ಪೂರ್ವದ ಕಟ್ಟಳೆಗಳನ್ನು ಮೀರದೆ ನಡೆಯುವರೇ, ಹಿರಿಯರನ್ನು ಮನ್ನಿಸುವರೇ, ಸ್ತ್ರೀಯರ ಮೇಲೆ ಬಲಾತ್ಕಾರ ಮಾಡದಿರುವರೇ, ಚೈತ್ಯಗಳನ್ನು ಪೂಜಿಸುವರೇ, ಅರ್ಹಂತರನ್ನು ರಕ್ಷಿಸುವರೇ ಎಂದು ಏಳು ಪ್ರಶ್ನೆಗಳನ್ನು ಕೇಳಿದನು. ಹೌದೆಂದು ಆನಂದನು ಹೇಳಿದಂತೆಲ್ಲ, ಹಾಗೆ ನಡೆಯುವವರೆಗೆ ವಜ್ಜಿಗಳಿಗೆ ವೃದ್ಧಿಯೇ ಹೊರತು ಹಾನಿಯಿಲ್ಲವೆಂದನು. ತರುವಾಯ ಮಂತ್ರಿಯ ಕಡೆಗೆ ನೋಡಿ, ತಾನು ಹಿಂದೆ ವೈಶಾಲಿಯ ಸಾರಂದದ ಚೈತ್ಯದಲ್ಲಿದ್ದಾಗ ಈ ಏಳು ಧರ್ಮಗಳನ್ನು ವಜ್ಜಿಗಳಿಗೇ ಬೋಧಿಸಿದ್ದೆನೆಂದು ತಿಳಿಸಿದನು. ವಸ್ಸಕಾರನು ಅಲ್ಲಿಂದ ತೆಗೆದುಕೊಂಡುಹೋದ ಅರ್ಥವು ಬೇರೆ: ಇವರನ್ನು ಯುದ್ಧದಿಂದ ಗೆಲ್ಲಲಾಗದು, ಉಪಾಯದಿಂದಲೋ ಪರಸ್ಪರ ಭೇದದಿಂದಲೋ ಗೆಲ್ಲಬೇಕು. ಅವನೇ ಅನಂತರ ಅರಸನೊಡನೆ ಜಗಳವಾಡಿದಂತೆ ನಟಿಸಿ, ವೈಶಾಲಿಯಲ್ಲಿ ಆಶ್ರಯಪಡೆದು, ಮೂರು ವರ್ಷಗಳಲ್ಲಿ ಅವರ ಒಗ್ಗಟ್ಟನ್ನು ಮುರಿದನೆಂದೂ, ಆಮೇಲೆ ಅಜಾತಶತ್ರುವು ಬಂದಾಗ ಎದುರುನಿಲ್ಲುವವರಿಲ್ಲದೆ ಹೋದರೆಂದೂ ವ್ಯಾಖ್ಯಾನಪರಂಪರೆಯು ಹೇಳುತ್ತದೆ.

ಬುದ್ಧನ ಮಾತಿನಿಂದಲೇ ವಜ್ಜಿಗಳು ಕೆಟ್ಟರೇ? ಒಬ್ಬನ ಬಲವು ಎಲ್ಲಿದೆಯೆಂದು ಹೇಳುವುದೂ, ಅವನನ್ನು ಎಲ್ಲಿ ಮುರಿಯಬಹುದೆಂದು ಹೇಳುವುದೂ ಒಂದೇ ವಾಕ್ಯದಿಂದ ಆಗಿಹೋಗುತ್ತದೆ. ಈ ವಿಪತ್ತಿನಿಂದ ತಪ್ಪಿಸಿಕೊಳ್ಳಬಲ್ಲ ಜ್ಞಾನವು ಇಲ್ಲ. ಆದರೆ ಬುದ್ಧನು ನುಡಿದ ರೀತಿಯಲ್ಲಿ ಒಂದು ವಿಶೇಷವಿದೆ. ಯಾರ ಮೇಲೆ ದಂಡಯಾತ್ರೆಯು ಹೊರಡಲಿತ್ತೋ ಅವರಿಗೆ ಅವನು ಅದನ್ನು ಮೊದಲೇ ಹೇಳಿದ್ದನು. ದಂಡೆತ್ತಿ ಹೋಗುವವನಿಗೆ ಹೇಳಿದುದರಲ್ಲಿ ಒಂದಕ್ಷರವೂ ಹೆಚ್ಚಾಗಿರಲಿಲ್ಲ. ಮಂತ್ರಿಯು ಎದ್ದುಹೋದೊಡನೆ ಭಿಕ್ಷುಗಳನ್ನು ಕರೆಯಿಸಿ, ತನ್ನ ಸಂಘದ ಹಾನಿವೃದ್ಧಿಗಳಿಗೂ ಅದೇ ಬಗೆಯ ಏಳು ಧರ್ಮಗಳನ್ನು ವಿಧಿಸಿದನು. ಎರಡು ಪಕ್ಷಗಳಿಗೂ ತನಗೂ ಒಂದೇ ತೂಕದ ಕಲ್ಲು. ವಜ್ಜಿಗಳು ಅಳಿದದ್ದು ಆ ಜ್ಞಾನವು ವೈರಿಗೆ ತಿಳಿದುದರಿಂದಲ್ಲ, ತಾವೇ ಅದನ್ನು ಕೈಬಿಟ್ಟುದರಿಂದ. ಜ್ಞಾನಿಯು ಕೊಟ್ಟುದನ್ನು ಕೇಳಿದವನು ಹೇಗೆ ಬಳಸಿದನೆಂಬುದರ ಹೊಣೆಯಲ್ಲಿ ಒಂದು ಭಾಗವು ಜ್ಞಾನಿಗೆ ಬಂದೇ ಬರುತ್ತದೆ. ಅದನ್ನು ಅವನು ತೀರಿಸಬಹುದಾದ ಮಾರ್ಗ ಒಂದೇ, ಆ ಜ್ಞಾನದಿಂದ ಕೇಡು ಯಾರಿಗೆ ಸಂಭವಿಸಬಹುದೋ ಅವರಿಗೂ ಅದನ್ನು ಮುಟ್ಟಿಸುವುದು.

ಅಚ್ಚುಹಾಕಿಸಿ ಮಾರಿದ ಮಾತ್ರಕ್ಕೆ ಈ ಋಣವು ತೀರಿತೆಂದು ಹೇಳುವಂತಿಲ್ಲ. ರ‍್ಯಾಂಡ್ ಸಂಸ್ಥೆಯಲ್ಲಿದ್ದ ಹರ್ಮನ್ ಕಾನ್ ಎಂಬಾತನು 1960ರಲ್ಲಿ ಅಣುಯುದ್ಧವನ್ನು ಕುರಿತು ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಇಪ್ಪತ್ತು ಲಕ್ಷದಿಂದ ಹದಿನಾರು ಕೋಟಿಯವರೆಗೆ ಜನರು ಸತ್ತ ಮೇಲಿನ ಸ್ಥಿತಿಗಳನ್ನು ಮೆಟ್ಟಲು ಮೆಟ್ಟಲಾಗಿ ಪಟ್ಟಿಮಾಡಿ, ದುರಂತಗಳಾದರೂ ಅವು ಒಂದರಿಂದೊಂದು ಭಿನ್ನವೆಂದು ವಾದಿಸಿದನು. ಪುಸ್ತಕವು ಬಹಿರಂಗವಾದುದು, ಎದುರು ಪಕ್ಷದವರೂ ಓದಬಹುದಾದುದು. ಆದರೂ ಆ ಪಟ್ಟಿಯಲ್ಲಿ ಅಂಕಿಗಳಾಗಿ ಸೇರಿದವರು ಅದರ ಶ್ರೋತೃಗಳಾಗಿರಲಿಲ್ಲ. ಎರಡು ಸಿಂಹಾಸನಗಳ ನಡುವೆ ನಡೆದ ಸಂವಾದದಲ್ಲಿ ಅವರು ವಿಷಯವಾದರೇ ಹೊರತು ಪಕ್ಷವಾಗಲಿಲ್ಲ. ಎರಡು ಕಡೆಯೆಂದರೆ ಎರಡು ಸರ್ಕಾರಗಳೆಂದು ತಿಳಿಯಬಾರದು. ನಿರ್ಧಾರಮಾಡುವವರು ಒಂದು ಕಡೆ, ಆ ನಿರ್ಧಾರವನ್ನು ಮೈಮೇಲೆ ಹೊರುವವರು ಇನ್ನೊಂದು ಕಡೆ.

ಇದಕ್ಕೊಂದು ಆಕ್ಷೇಪವುಂಟು. ರಾಷ್ಟ್ರಕ್ಕೆ ಗುಟ್ಟುಗಳು ಇದ್ದೇ ಇರುತ್ತವೆ. ವೈರಿಗೆ ಎಲ್ಲವನ್ನೂ ಸಾರುವ ವಿದ್ವಾಂಸನು ತನ್ನ ಜನರಿಗೆ ದ್ರೋಹಿಯಾಗುವುದಿಲ್ಲವೆ ಎಂದು ಕೇಳಬಹುದು. ವಾರ್ತೆಗೂ ವಿದ್ಯೆಗೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ಯಾವ ಕಣಿವೆಯಲ್ಲಿ ಎಷ್ಟು ದಳಗಳಿವೆಯೆಂಬುದು ವಾರ್ತೆ. ಅದನ್ನು ಕಾಯುವುದಕ್ಕೆ ಸರ್ಕಾರದ ಅಧಿಕಾರಿಗಳಿದ್ದಾರೆ, ಅದು ಅವರ ಸ್ವಧರ್ಮ. ಆ ಕಣಿವೆಯ ಎರಡು ಪಕ್ಕದ ಜನರು ಏಕೆ ಹೆದರುತ್ತಾರೆ, ಯಾವ ಹಳೆಯ ಅವಮಾನವು ಯಾವ ಹೊಸ ಹಟವಾಗಿ ಬೆಳೆದಿದೆ, ಯಾವ ನ್ಯಾಯವು ನಡೆದರೆ ಆ ಹಟವು ಸಡಿಲೀತು ಎಂಬುದು ವಿದ್ಯೆ. ಇದನ್ನು ವೈರಿಗೆ ಹೇಳುವುದರಿಂದ ಸ್ವದೇಶಕ್ಕೆ ನಷ್ಟವಿಲ್ಲ. ಸಂಶೋಧನಾಸಂಸ್ಥೆಯು ವಾರ್ತೆಯ ರಹಸ್ಯಕ್ಕೆ ಮನಸೋತು ವಿದ್ಯೆಯ ಬಹಿರಂಗತ್ವವನ್ನು ಬಿಟ್ಟುಕೊಟ್ಟರೆ, ಗೂಢಚಾರರ ಇಲಾಖೆಯ ಒಂದು ದುರ್ಬಲವಾದ ಅನುಕರಣವಾಗುವುದಲ್ಲದೆ ಮತ್ತೇನೂ ಆಗದು. ನಮ್ಮ ದೇಶವು ಪರತಂತ್ರವಾಗಿದ್ದ ಕಾಲದಲ್ಲಿಯೇ, 1943ರಲ್ಲಿ, ನಮ್ಮವರು ತೇಜ್ ಬಹಾದೂರ್ ಸಪ್ರೂ ಅವರ ಅಧ್ಯಕ್ಷತೆಯಲ್ಲಿ ವಿಶ್ವವ್ಯವಹಾರಗಳ ಭಾರತೀಯ ಪರಿಷತ್ತನ್ನು ಸ್ಥಾಪಿಸಿದರು. ಜಗತ್ತನ್ನು ಆಳುವವರ ಕಣ್ಣಿನಿಂದ ನೋಡದೆ ತಮ್ಮ ಕಣ್ಣಿನಿಂದ ನೋಡಬೇಕೆಂಬುದು ಅವರ ಹಂಬಲ. ಆ ಪರಿಷತ್ತು ಮಾಡಿದ ದೊಡ್ಡ ಕಾರ್ಯಗಳಲ್ಲಿ ಮೊದಲನೆಯದು ಗುಪ್ತವರದಿಯಾಗಿರಲಿಲ್ಲ. 1947ರ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಏಷ್ಯದ ನಾನಾ ದೇಶಗಳವರನ್ನು ದೆಹಲಿಯ ಪುರಾನಾ ಕಿಲಾದಲ್ಲಿ ಒಟ್ಟಿಗೆ ಕೂರಿಸಿ ಮಾತನಾಡಿಸಿದ ಸಮ್ಮೇಳನವಾಗಿತ್ತು.

ಫಲತ್ಯಾಗವೆಂಬ ಗೀತಾತತ್ತ್ವವನ್ನೂ ಈ ವೃತ್ತಿಯಲ್ಲಿ ತಿರುವುಮುರುವಾಗಿ ಆಚರಿಸುವುದುಂಟು. ಬಿಡಬೇಕಾದುದು ತನಗೆ ಬರುವ ಫಲದ ಆಸೆಯನ್ನು. ಇತರರಿಗೆ ಒದಗುವ ಫಲದ ಚಿಂತೆಯನ್ನಲ್ಲ. ಲೋಕಸಂಗ್ರಹವನ್ನು ನೋಡಿಯಾದರೂ ಕರ್ಮವನ್ನು ಮಾಡೆಂದು ಕೃಷ್ಣನು ಹೇಳುವಾಗ ಪರರ ಹಿತಾಹಿತವು ಲೆಕ್ಕದ ಒಳಗೇ ಇದೆ. ವರದಿಯಿಂದ ತನಗೆ ಬರುವ ಮನ್ನಣೆಯನ್ನು ಭದ್ರವಾಗಿ ಹಿಡಿದುಕೊಂಡು, ಅದರಿಂದ ಪರರಿಗಾಗುವ ಪರಿಣಾಮದಲ್ಲಿ ಮಾತ್ರ ತಾನು ನಿರ್ಲಿಪ್ತನೆನ್ನುವ ಸಂಶೋಧಕನು ಅನಾಸಕ್ತನಲ್ಲ. ಆಸಕ್ತಿಯನ್ನು ತಪ್ಪಾದ ಸ್ಥಳದಲ್ಲಿ ಉಳಿಸಿಕೊಂಡವನು. ಹೆಸರನ್ನು ಮುಚ್ಚುವ ನಿಯಮಕ್ಕೂ ಇದೇ ಪರೀಕ್ಷೆಯು ಸಲ್ಲುತ್ತದೆ. ಕೀರ್ತಿಯನ್ನು ಬಿಡುವುದಕ್ಕಾಗಿ ಹೆಸರನ್ನು ಮುಚ್ಚಿದರೆ ತ್ಯಾಗ, ಉತ್ತರಕೊಡುವುದನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಮುಚ್ಚಿದರೆ ಪಲಾಯನ. ನಿಯಮವು ಒಂದೇ ಆದರೂ ಅದರೊಳಗೆ ಕುಳಿತವನ ಅಂತಃಕರಣವು ಅದನ್ನು ಎರಡಾಗಿ ಮಾಡುತ್ತದೆ.

ಆದಕಾರಣ ರಾಷ್ಟ್ರಗಳ ವ್ಯವಹಾರವನ್ನು ಅಭ್ಯಸಿಸುವವನು ಶುದ್ಧ ಸಾಕ್ಷಿಯಾಗಲಾರನು, ಕೇವಲ ಮಂತ್ರಿಯಾಗಬೇಕಾಗಿಯೂ ಇಲ್ಲ. ಕಾಣುವಾಗ ಸಾಕ್ಷಿಯ ಸಮತೆಯನ್ನೂ, ಹೇಳುವಾಗ ಮಂತ್ರಿಯ ಹೊಣೆಯನ್ನೂ ಅವನು ಒಂದೇ ದೇಹದಲ್ಲಿ ಹೊರಬೇಕಾಗಿದೆ. ಇವೆರಡೂ ಒಬ್ಬನಲ್ಲಿ ಕೂಡಿರುವುವೋ ಇಲ್ಲವೋ ಎಂಬುದನ್ನು ಹೊರಗಿನವರು ಅರಿಯುವುದು ಕಷ್ಟ. ಅವನು ಮಾತ್ರ ಸುಲಭವಾಗಿ ಬಲ್ಲನು. ಬರೆದ ವರದಿಯನ್ನು ಒಪ್ಪಿಸುವುದಕ್ಕೆ ಮೊದಲು ತನ್ನಲ್ಲಿ ತಾನು ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಯಾರ ಊರಿನ ಹೆಸರನ್ನು ಇದರಲ್ಲಿ ಬರೆದಿದ್ದೇನೆಯೋ ಆ ಊರಿನವರನ್ನು ಎದುರಿಗೆ ಕೂರಿಸಿಕೊಂಡು, ಒಂದು ಸಾಲನ್ನೂ ಬಿಡದೆ, ಒಂದು ಶಬ್ದವನ್ನೂ ಮೆದುವುಮಾಡದೆ, ಇದನ್ನು ನಾನು ಓದಿಹೇಳಬಲ್ಲೆನೆ? ಬಲ್ಲೆನೆಂದಾದರೆ ಅವನು ಅದಕ್ಕೆ ತನ್ನ ಹೆಸರನ್ನು ನಿರ್ಭಯವಾಗಿ ಬರೆಯಬಹುದು. ಆರೆನೆಂದಾದರೆ, ಆ ವರದಿಯಲ್ಲಿ ಇನ್ನೂ ತಿದ್ದಬೇಕಾದುದು ಭಾಷೆಯಲ್ಲ.